ಎರಡು ಎಡತೋಳಿನ ಕೋಟು

ಗುಂಡಿಯ ಅಪ್ಪ ತನ್ನ ಊರಿನಲ್ಲಿ ದರ್ಜಿಯಾಗಿದ್ದ. ಎದುರಿಗೆ ನಿಂತವರ ಭುಜ ನೋಡಿಯೇ ಎಷ್ಟು ಬಟ್ಟೆ ಬೇಕೆಂದು ಹೇಳುತ್ತಿದ್ದ. ಮಗಳ ದುಂಡು ಮುಖ ಕೋಟಿನ ಗುಂಡಿಯ ಹಾಗಿದೆ ಎಂದು ಆ ಹೆಸರಿಟ್ಟವನೂ ಅವನೇ. ಅಂಥವನು ಹೊಟ್ಟೆಪಾಡಿಗೆಂದು ಹೆಂಡತಿ ಮಗಳನ್ನು ಕಟ್ಟಿಕೊಂಡು ಪರದೇಶಕ್ಕೆ ಬಂದು, ಮಕ್ಕಳ ಕೋಟಿನ ಕಾರ್ಖಾನೆಯಲ್ಲಿ ಎಡತೋಳು ಹೊಲಿಯುವವನಾದ. ಬರೀ ಎಡತೋಳು. ಬಲತೋಳಿಗೆ ಬೇರೆ ಮೇಜು, ಕಾಲರಿಗೆ ಬೇರೆ, ಜೇಬಿಗೆ ಇನ್ನೊಂದು. ಮೂರು ವರ್ಷದಲ್ಲಿ ಅವನ ಕೈಯಿಂದ ಒಂದು ಇಡೀ ಕೋಟು ಹೊರಬಿದ್ದಿರಲಿಲ್ಲ.

"ಯಾರಾದ್ರೂ ಕೇಳಿದ್ರೆ ಅರ್ಧ ದರ್ಜಿ ಅಂತ ಹೇಳ್ಬೇಕು ಅಷ್ಟೆ," ಎಂದು ಅಪ್ಪ ನಗುತ್ತಿದ್ದ.

"ಅರ್ಧ ಎಲ್ಲಿ ಬಂತು? ಕಾಲು ಭಾಗಾನೂ ಇಲ್ಲ," ಎನ್ನುತ್ತಿದ್ದಳು ಅಮ್ಮ.

ಆ ವರ್ಷ ಚಳಿ ಮೂಳೆಗೇ ಕೈ ಹಾಕಿತು. ಗುಂಡಿಗೆ ಕೋಟಿರಲಿಲ್ಲ. ಕಾರ್ಖಾನೆಯಲ್ಲಿ ಒಂದು ಕಟ್ಟಳೆಯಿತ್ತು. ಯಾರ ಕೈಯಲ್ಲಿ ಕೆಟ್ಟಿತೋ ಆ ತುಂಡನ್ನು ಅವರು ಮನೆಗೆ ಒಯ್ಯಬಹುದು. ಬೇರೆ ಮೇಜಿನದನ್ನು ಮುಟ್ಟಿದರೆ ಕಳ್ಳತನ. ಅಪ್ಪನ ಹತ್ತಿರ ಕೆಟ್ಟ ಎಡತೋಳು ಮೂರು ಸೇರಿದ್ದವು. ಅಮ್ಮ ತನ್ನ ನೀಲಿ ಹೊದಿಕೆಯನ್ನು ತಂದು ಅವನ ಮುಂದೆ ಹಾಕಿದಳು. ಹೊದಿಕೆಯಲ್ಲಿ ಕೋಟಿನ ಮೈಯಾಯಿತು. ಒಂದು ತೋಳನ್ನು ಇದ್ದ ಹಾಗೆ ಎಡಕ್ಕೆ ಕೂರಿಸಿದ. ಇನ್ನೊಂದನ್ನು ಒಳಗು ಹೊರಗು ಮಾಡಿದ. ಹಾಗೆ ಮಗುಚಿದರೆ ಎಡತೋಳು ಬಲತೋಳಾಗುತ್ತದೆ, ಆದರೆ ಬಟ್ಟೆಯ ಹಿಂಬದಿ ಹೊರಗೆ ಬರುತ್ತದೆ. ಎಡಗೈ ಕಡುನೀಲಿ, ಬಲಗೈ ಬೂದಿ ಬಳಿದ ಹಾಗೆ ಪೇಲವ.

"ಹೊಲಿಗೆ ಎಳೆದು ನೋಡು, ನೀನೇ ಹರಿದ್ರೂ ಅದು ಹರಿಯಲ್ಲ," ಎಂದ ಅಪ್ಪ. ಮೂರು ವರ್ಷದ ಮೇಲೆ ಹೊಲಿದ ಇಡೀ ಕೋಟು. ಮಗಳನ್ನು ಸುತ್ತಲೂ ತಿರುಗಿಸಿ ನೋಡಿದ್ದೇ ನೋಡಿದ್ದು.

ಶಾಲೆಯಲ್ಲಿ ಅವಳ ಪಕ್ಕದ ಬೆಂಚಿನವಳು ಮೊದಲು ನೋಡಿದಳು. "ಏ, ಒಂದೇ ಕೈ ತೊಳ್ಕೊಂಡು ಬಂದ್ಯೇನೇ?" ಇಡೀ ತರಗತಿ ಕಿಸಕ್ಕೆಂದಿತು. ದುಡ್ಡು ಕೊಟ್ಟು ಕೊಂಡ ನೀಲಿ ಕೋಟು ತೊಟ್ಟ ಮಕ್ಕಳು. ಆ ಕೋಟುಗಳ ಎಡತೋಳುಗಳು ಬಂದದ್ದು ಗುಂಡಿಯ ಅಪ್ಪನ ಮೇಜಿನಿಂದ. ಮುಖಕ್ಕೆ ಹೊಡೆದ ಹಾಗೆ ಅದನ್ನು ಹೇಳಬಹುದಿತ್ತು. ಅವಳು ಬಲಗೈಯನ್ನು ಬೆಂಚಿನ ಕೆಳಗೆ ಇಳಿಬಿಟ್ಟಳು.

ಮರುದಿನದಿಂದ ಅವಳು ಬೀದಿಯ ತಿರುವಿನವರೆಗೆ ಕೋಟು ತೊಟ್ಟು ಹೋಗುವಳು. ಅಲ್ಲಿ ಬಿಚ್ಚಿ, ಸುತ್ತಿ, ಚೀಲಕ್ಕೆ ತುರುಕುವಳು. ಸಂಜೆ ಅದೇ ತಿರುವಿನಲ್ಲಿ ಮತ್ತೆ ತೊಡುವಳು. ಐದನೆಯ ದಿನ ಕಾರ್ಖಾನೆಯಲ್ಲಿ ವಿದ್ಯುತ್ ಹೋಗಿ ಅಪ್ಪ ಬೇಗ ಹೊರಟಿದ್ದ. ರಸ್ತೆಯ ಆಚೆ ಬದಿಯಿಂದ ನೋಡಿದ. ಮಗಳು ತುಟಿ ನೀಲಿಗಟ್ಟಿ, ಹಲ್ಲು ಕಟಕಟ ಅನ್ನುತ್ತ, ಚೀಲದಿಂದ ಕೋಟು ಎಳೆಯುತ್ತಿದ್ದಳು. ಅವಳೂ ಅವನನ್ನು ಕಂಡಳು. ಅವನು ಕಾಣದವನ ಹಾಗೆ ಮುಂದೆ ನಡೆದ.

ಊಟಕ್ಕೆ ಕೂತಾಗ ಕೇಳಿದ: "ಕೋಟು ಬೆಚ್ಚಗಿದ್ಯಾ ಗುಂಡಿ?"

"ಹೂಂ ಅಪ್ಪ."

"ಹಾಗಾದ್ರೆ ಸರಿ," ಎಂದು ತಟ್ಟೆಯ ಕಡೆ ತಿರುಗಿದ. ಬೈದಿದ್ದರೇ ಅವಳಿಗೆ ಹಗುರವಾಗುತ್ತಿತ್ತು.

ಎರಡು ದಿನದ ಮೇಲೆ ಅಪ್ಪ ಅಂಗಿಯೊಳಗಿಂದ ಒಂದು ಬಲತೋಳು ತೆಗೆದ. ನಿಜವಾದ ಬಲತೋಳು, ಕಡುನೀಲಿ. ಬೂದಿತೋಳು ಬಿಚ್ಚಿ ಇದನ್ನು ಕೂರಿಸಿಕೊಟ್ಟ. ಅಮ್ಮ ಎಲ್ಲಿಂದ ಎಂದು ಕೇಳಿದ್ದಕ್ಕೆ, "ಕದ್ದಿಲ್ಲ ಕಣೇ. ಒಂದಕ್ಕೆ ಒಂದು ಇಟ್ಟು ಬಂದಿದ್ದೀನಿ," ಎಂದ.

ನಿಜವೇ. ಮನೆಯಲ್ಲಿ ಉಳಿದಿದ್ದ ಮೂರನೆಯ ಎಡತೋಳನ್ನು ಬಿಚ್ಚಿ, ತಿದ್ದಿ, ಹೊಸದರಂತೆ ಮಾಡಿ, ಊಟದ ಬಿಡುವಿನಲ್ಲಿ ಬಲತೋಳಿನ ರಾಶಿಯಲ್ಲಿಟ್ಟು ಒಂದನ್ನು ತೆಗೆದುಕೊಂಡಿದ್ದ. ತುಂಡಿಗೆ ತುಂಡು ಸರಿಹೋಯಿತಲ್ಲ ಎಂಬುದು ಅವನ ನ್ಯಾಯ. ಮೇಸ್ತ್ರಿಯ ಕೈಗೆ ಬಲತೋಳಿನ ರಾಶಿಯಲ್ಲಿ ಒಂದು ಎಡತೋಳು ಸಿಕ್ಕಿತು. ಯಾರದೆಂದು ವಿಚಾರಿಸಬೇಕಾಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಹೊಲಿಗೆ ಆ ಕಾರ್ಖಾನೆಯಲ್ಲಿ ಇನ್ನಾರದೂ ಇರಲಿಲ್ಲ. ಅವತ್ತೇ ಅವನನ್ನು ಕೆಲಸದಿಂದ ಹೊರಗೆ ಹಾಕಿದರು.

"ಕಳ್ಳತನ ಮಾಡೋಕೂ ಬರಲ್ವಲ್ರೀ ನಿಮಗೆ!" ಎಂದು ಅಮ್ಮ ಕೂಗಾಡಿದಳು. "ಕೈಯಾರೆ ಸಾಕ್ಷಿ ಹೊಲಿದು ಇಟ್ಟು ಬಂದಿದ್ದೀರಲ್ಲ!" ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ವಾರ ಕಳೆಯುವುದರೊಳಗೆ ಅದೇ ಕಾರ್ಖಾನೆಯ ಅದೇ ಸ್ಟೂಲಿನ ಮೇಲೆ ಅವಳು ಕೂತಳು. ಎಡತೋಳು ಹೊಲಿಯುವವರು ಅವರಿಗೆ ಬೇಕೇ ಬೇಕಿತ್ತು.

ಗುಂಡಿ ಕೋಟು ತೊಟ್ಟು ತರಗತಿಗೆ ಹೋದಳು. ಎರಡೂ ತೋಳು ಕಡುನೀಲಿ. ಯಾರೂ ನಗಲಿಲ್ಲ. ಯಾರೂ ತಿರುಗಿ ಕೂಡ ನೋಡಲಿಲ್ಲ.

ಮನೆಗೆ ಬಂದಾಗ ಅಪ್ಪ ಒಬ್ಬನೇ ಇದ್ದ. ಹಗಲಿನಲ್ಲಿ ಅವನನ್ನು ಕಂಡು ಅವಳಿಗೆ ಅಭ್ಯಾಸವಿರಲಿಲ್ಲ.

"ಅಪ್ಪ, ಆ ಹಳೇ ತೋಳೇ ಹಾಕ್ಕೊಡು."

"ಯಾಕೆ?"

"ನಂಗೆ ಅದೇ ಬೇಕು."

ಅಪ್ಪ ಅವಳ ಭುಜದ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. "ಸುಮ್ನಿರು. ಎಷ್ಟು ಚೆನ್ನಾಗಿ ಕೂತಿದೆ ನೋಡು."

ಬೂದಿತೋಳಿಗೆ ಅಮ್ಮ ಆಗಲೇ ಚಿಂದಿ ತುಂಬಿ, ಎರಡೂ ತುದಿ ಹೊಲಿದು, ಬಾಗಿಲ ಸಂದಿನಲ್ಲಿ ಗಾಳಿ ನುಗ್ಗದ ಹಾಗೆ ಮಲಗಿಸಿದ್ದಳು. ಗುಂಡಿ ದಿನಾ ಬೆಳಿಗ್ಗೆ ಅದನ್ನು ತುಳಿಯದೆ ದಾಟಿ ಶಾಲೆಗೆ ಹೋಗುತ್ತಿದ್ದಳು.