ನೆಲ್ಲಿಮಾನಿಗೆ ಬಂದ ಜೋಡಿನಳಿಗೆ ಕೋವಿ

ನಾನು ಒಂದು ಜೋಡಿನಳಿಗೆ ಕೋವಿ. ನನ್ನನ್ನು ಕಂಡರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಸರಿಯುವುದೇ ಒಳ್ಳೆಯದು. ಆದರೆ ಹೆದರಿಕೆ ನನ್ನ ಎದುರಿಗೆ ನಿಂತವರಿಗೆ ಮಾತ್ರ ಎಂದು ತಿಳಿಯಬೇಡಿ. ಹುಟ್ಟಿದ ದಿನದಿಂದ ನಾನೂ ಹೆದರುತ್ತಲೇ ಬದುಕಿದ್ದೇನೆ.

ನಾನು ಹುಟ್ಟಿದ್ದು ಗಂಗಾ ತೀರದ ಒಂದು ಊರಿನ ಸಣ್ಣ ಕಾರ್ಖಾನೆಯಲ್ಲಿ. ನಳಿಗೆಗಳು ಉಕ್ಕಿನವು, ಹಿಡಿ ಅಕ್ರೋಟು ಮರದ್ದು. ಮುದುಕ ಕೆಲಸಗಾರನೊಬ್ಬ ನನ್ನನ್ನು ಎರಡು ವಾರ ಅರದಿಂದ ಉಜ್ಜಿ, ಎಣ್ಣೆ ಹಚ್ಚಿ, ಬೆಳಕಿಗೆ ಹಿಡಿದು ಒಳಗೆ ಇಣುಕಿ ನೋಡಿ ತೃಪ್ತಿಪಟ್ಟ. ಆಮೇಲೆ ಪರೀಕ್ಷೆ. ಕಬ್ಬಿಣದ ಚೌಕಟ್ಟಿಗೆ ನನ್ನನ್ನು ಬಿಗಿದು, ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿದ ಕಾಡತೂಸು ಹಾಕಿ, ಎಲ್ಲರೂ ಗೋಡೆಯ ಆಚೆಗೆ ಹೋಗಿ ಹಗ್ಗ ಎಳೆದರು. ತಡೆದುಕೊಂಡರೆ ಮುದ್ರೆ, ಸೀಳಿದರೆ ಗುಜರಿ. ನನಗಿಂತ ಮುಂಚೆ ಹೋದ ಕೋವಿ ಸೀಳಿಹೋಗಿತ್ತು. ನಾನು ಉಳಿದೆ. ಆ ಮುದುಕ ಬಂದು ನನ್ನ ಬಿಸಿ ನಳಿಗೆಯ ಮೇಲೆ ಕೈಯಿಟ್ಟ. ನನ್ನ ಬಾಯಿಯ ಎದುರಿಗೆ ಮಾತ್ರ ಬರಲಿಲ್ಲ. ನನ್ನನ್ನು ಮಾಡಿದವನಿಗೇ ನನ್ನ ಭಯ ಎಂದು ಅಂದೇ ಗೊತ್ತಾಯಿತು.

ಅಲ್ಲಿಂದ ಹುಬ್ಬಳ್ಳಿಗೆ ಬಂದೆ. ಒಂದು ಬ್ಯಾಂಕಿನ ಕಾವಲುಗಾರ, ಸೈನ್ಯದಿಂದ ನಿವೃತ್ತನಾದ ಚನ್ನವೀರಪ್ಪ ನನ್ನನ್ನು ಕೊಂಡ. ಹದಿನಾರು ವರ್ಷ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಪಕ್ಕ ನಿಂತೆ. ನನ್ನ ಹೊಟ್ಟೆಯಲ್ಲಿ ಒಂದು ದಿನವೂ ಕಾಡತೂಸು ಇರಲಿಲ್ಲ ಎಂಬುದು ಮ್ಯಾನೇಜರಿಗೂ ಗೊತ್ತಿರಲಿಲ್ಲ. ಚನ್ನವೀರಪ್ಪ ಅವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಚಹಾದವನು ಒಮ್ಮೆ ಕೇಳಿದಾಗ ಹೇಳಿದ್ದ: “ಇದು ತುಂಬಿದ್ರ ನನಗ ಸ್ಟೂಲ್ ಮ್ಯಾಲೆ ತೂಕಡಸಾಕ ಆಗಂಗಿಲ್ಲೋ ತಮ್ಮಾ.” ಒಂದು ಮಧ್ಯಾಹ್ನ ಹೊರಗೆ ಲಾರಿಯ ಟಯರು ಸಿಡಿಯಿತು. ಒಳಗೆ ಎಲ್ಲರೂ ನೆಲಕ್ಕೆ ಕೂತರು. ಚನ್ನವೀರಪ್ಪ ಗಡಿಬಿಡಿಯಲ್ಲಿ ನನಗೆ ಕಾಡತೂಸು ತುರುಕಲು ಹೋದ. ಅದು ಜಾರಿ ಉರುಳಿ ಕ್ಯಾಷಿಯರಿನ ಮೇಜಿನ ಕೆಳಗೆ ಸೇರಿತು. ಎಲ್ಲರೂ ಎದ್ದು ನಕ್ಕರು. ನಾನು ಮಾತ್ರ ನಗಲಿಲ್ಲ. ಆ ಸದ್ದಿನ ಹಿಂದೆಯೇ ಬಾಗಿಲಲ್ಲಿ ಕಾಣಿಸಿಕೊಂಡವನು ಚಹಾದವನು. ಆ ಕಾಡತೂಸು ಜಾರದೆ ಇದ್ದಿದ್ದರೆ ಗುಂಡು ಅವನಿಗೇ.

ಚನ್ನವೀರಪ್ಪನಿಗೆ ವಯಸ್ಸಾಯಿತು. ಅವನು ನನ್ನನ್ನು ಕೋವಿ ಅಂಗಡಿಗೆ ಒಪ್ಪಿಸಿದ. ಅಲ್ಲಿಂದ ನನ್ನನ್ನು ತಂದವರು ಶಿವಯೋಗಿ ಕುಬಸದ. ಅವರದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಒಳ್ಳೆಯ ಮನುಷ್ಯ, ಕೆಲಸದವರಿಗೆ ಕೆಟ್ಟ ಮಾತಾಡಿದವರಲ್ಲ. ಆದರೆ ಗುರಿ ಹೊಡೆಯುವ ಹುಚ್ಚು. ಭಾನುವಾರ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದರು. ಗುರಿ ತಾಗಿದರೆ ಮನೆಗೆ ಮಿಠಾಯಿ, ತಪ್ಪಿದರೆ ಗಾಳಿಗೆ ಬೈಗುಳ, ಕನ್ನಡಕಕ್ಕೆ ಬೈಗುಳ, ನನಗೂ ಬೈಗುಳ. ಬೇಟೆಯ ಹಳೆಯ ಚಿತ್ರಗಳನ್ನು ಕತ್ತರಿಸಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದರು. ನಾನು ಅದೇ ಕಪಾಟಿನಲ್ಲಿ ಇರುತ್ತಿದ್ದೆ. ಕತ್ತಲೆಯಲ್ಲಿ ಸತ್ತ ಹುಲಿ, ಸತ್ತ ಕಡವೆಗಳ ಜೊತೆ ಇರುವುದು ನನಗೆ ಹಿಡಿಸುತ್ತಿರಲಿಲ್ಲ.

ಒಂದು ಸ್ಪರ್ಧೆಯಲ್ಲಿ ಅವರಿಗೆ ಕೊಡಗಿನ ಉತ್ತಯ್ಯ ಎಂಬ ಹಿರಿಯರ ಪರಿಚಯವಾಯಿತು. ಉತ್ತಯ್ಯ ಅವರನ್ನು ಕೈಲ್ ಮುಹೂರ್ತಕ್ಕೆ ಕರೆದರು. ಅದು ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಹಬ್ಬ. ನಾನೂ ಹೋದೆ. ನೆಲ್ಲಿಮಾನಿ ಎಂಬ ಆ ಊರಿನಲ್ಲಿ ನನ್ನನ್ನು ಇತರ ಕೋವಿಗಳ ಸಾಲಿನಲ್ಲಿ ಮಲಗಿಸಿ, ನಳಿಗೆಗೆ ಕೆಂಪು ಹಳದಿಯ ಕೋವಿ ಹೂವು ಸಿಕ್ಕಿಸಿದರು. ಚಿಕ್ಕವರು ದೊಡ್ಡವರು ಕೈ ಮುಗಿದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಜನ ನನ್ನಿಂದ ಹಿಂದೆ ಸರಿಯದೆ ಹತ್ತಿರ ಬಂದರು. ಮಧ್ಯಾಹ್ನ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಶಿವಯೋಗಿಯವರು ಒಂದೇ ಏಟಿಗೆ ಕಾಯಿ ಒಡೆದರು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಅವರ ತಲೆ ತಿರುಗಿತು.

ಮನೆಗೆ ಬಂದು ಹೆಂಡತಿ ಮಂಗಲಾ ಅವರಿಗೆ ಹೇಳಿದರು: “ಇಲ್ಲಿ ಒಂದ್ ಪಟಾಕಿ ಹಾರಿಸಿದ್ರ ಮಂದಿ ಪೊಲೀಸ್ರಿಗೆ ಫೋನ್ ಮಾಡ್ತಾರ. ಅಲ್ಲಿ ನೋಡ, ಕೋವಿಗೆ ಹೂವ ಇಟ್ಟು ಕೈ ಮುಗೀತಾರ. ಅಂಗಡಿ ತಮ್ಮಗ ಬಿಟ್ಟು ಅಲ್ಲೇ ಹೋಗಿ ಇರೂಣು.”

“ಕೈ ಮುಗಿಯಾಕ ನಮ್ಮನ್ಯಾಗ ದೇವ್ರಿಲ್ಲೇನ್ರಿ?”

“ನಿನಗ ತಿಳಿಯಂಗಿಲ್ಲ ಬಿಡ.”

“ತಿಳೀತೈತ್ರೀ. ಕಾಯಿ ಒಡದ್ರಿ ಅಂತ ಊರ ಬಿಡಾಕತ್ತೀರಿ.”

ಆದರೂ ಅವರು ಗಂಟು ಕಟ್ಟಿದರು. ಮೂರು ಎಕರೆ ಕಾಫಿ ತೋಟದ ನಡುವೆ ಒಂದು ಹೆಂಚಿನ ಮನೆ. ಪಕ್ಕದ ತೋಟವೇ ಉತ್ತಯ್ಯನವರದು. ಬಂದ ವಾರದಲ್ಲೇ ಉತ್ತಯ್ಯ ಕುರ್ಚಿಯಲ್ಲಿ ಕೂತು ವಿಷಯ ಬಿಡಿಸಿ ಹೇಳಿದರು.

“ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳುವ ಹಕ್ಕು ನಮಗೆ, ಕೊಡವರಿಗೆ ಕುಬಸದ್ರೇ, ನಿಮಗಲ್ಲ. ವಿಳಾಸ ಬದಲಾದ್ದು ಮೊದಲು ಬರೆದುಕೊಡಿ. ಮತ್ತೆ ಬೇಟೆ ಅಂತ ಹೊರಡ್ಬೇಡಿ. ಅದೆಲ್ಲ ಅಜ್ಜನ ಕಾಲಕ್ಕೆ ಮುಗೀತು. ಈಗ ಒಂದು ಮೊಲ ಹೊಡೆದ್ರೂ ಜೈಲು.”

“ಹಂಗಾದ್ರ ಇಷ್ಟು ಕೋವಿ ಯಾತಕ್ರೀ?”

“ಮನೇಲಿ ಅಜ್ಜ ಇರೋದು ಎಂತಕ್ಕೆ? ದಿನಾ ಕೆಲಸ ಮಾಡ್ಲಿ ಅಂತಲ್ಲ ಅಲ್ವಾ? ಹಾಗೇ.”

ಶಿವಯೋಗಿಯವರು ನಕ್ಕರು. ಆದರೆ ಅವರ ಬೆರಳು ನನ್ನ ಕುದುರೆಯ ಮೇಲೆ, ಎಂದರೆ ಒತ್ತಿದರೆ ಗುಂಡು ಹಾರುವ ಆ ಕೊಕ್ಕೆಯ ಮೇಲೆ, ಸುಮ್ಮನೆ ಆಡುತ್ತಿತ್ತು. ಆ ಬೆರಳಿಗೆ ಮಾತು ಕೇಳಿಸಲಿಲ್ಲ.

ಒಂದು ಮಳೆಗಾಲ ಕಳೆಯಿತು. ಕಾಫಿ ಹಣ್ಣಾಗುವ ಡಿಸೆಂಬರಿನಲ್ಲಿ ಹಂದಿಗಳು ತೋಟಕ್ಕೆ ನುಗ್ಗಿ ಮಣ್ಣು ಉತ್ತುಹಾಕಿದವು. ಶಿವಯೋಗಿಯವರಿಗೆ ಅದೇ ನೆಪವಾಯಿತು. ಓಡಿಸಲು ಹೋಗುತ್ತೇನೆ ಎನ್ನುತ್ತಿದ್ದರು. ಓಡಿಸಲು ಒಂದು ಡಬ್ಬ ಬಡಿದರೆ ಸಾಕು. ಅವರು ನನ್ನ ಎರಡೂ ನಳಿಗೆ ತುಂಬಿಸಿಕೊಂಡು ಹೊರಡುತ್ತಿದ್ದರು. ನಾಲ್ಕು ಬೆಳಿಗ್ಗೆ ಏನೂ ಸಿಗಲಿಲ್ಲ. ಪ್ರತಿ ಸಲ ಮನೆಗೆ ಬಂದು ಅವರು ಕಾಡತೂಸು ಹೊರತೆಗೆದಾಗ ನನಗೆ ಹೋದ ಜೀವ ಬಂದಂತಾಗುತ್ತಿತ್ತು.

ಐದನೆಯ ಬೆಳಿಗ್ಗೆ ಆರೂವರೆ. ಮಂಜು ದಟ್ಟವಾಗಿತ್ತು. ಇಪ್ಪತ್ತು ಮಾರು ದೂರದ ಕಾಫಿ ಗಿಡಗಳು ಬರೀ ಕಪ್ಪು ಗುಡ್ಡೆಗಳಂತೆ ಕಂಡವು. ಅವುಗಳ ಬುಡದಲ್ಲಿ ಏನೋ ಬಗ್ಗಿಕೊಂಡು ಸರಿಯಿತು. ಒಣ ಕಡ್ಡಿ ಮುರಿದ ಸದ್ದು. ಶಿವಯೋಗಿಯವರು ನನ್ನನ್ನು ಭುಜಕ್ಕೆ ಏರಿಸಿದರು. ಅವರ ಎದೆಬಡಿತ ನನ್ನ ಹಿಡಿಯೊಳಗೆ ಕೇಳುತ್ತಿತ್ತು. ಹಂದಿ ಗುಟುರು ಹಾಕುತ್ತದೆ, ಮಣ್ಣು ಕೆದರುತ್ತದೆ. ಇದು ಕಡ್ಡಿ ಮುರಿದು ಕಡ್ಡಿಯ ಮೇಲೆ ಇಡುತ್ತಿತ್ತು. ಯಾವ ಹಂದಿ ಸೌದೆ ಕಟ್ಟುತ್ತದೆ? ನನಗೆ ಬಾಯಿ ಎರಡು, ಮಾತು ಒಂದೂ ಇಲ್ಲ. ಕಾಡತೂಸು ಒದ್ದೆಯಾಗಿರಲಿ, ಕುದುರೆ ಸಿಕ್ಕಿಕೊಳ್ಳಲಿ ಎಂದು ಬೇಡಿಕೊಂಡೆ. ಅವರು ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದರು. ಏನೂ ಸಿಕ್ಕಿಕೊಳ್ಳಲಿಲ್ಲ.

ಮೊದಲ ಗುಂಡು ಮರದ ಕಾಂಡಕ್ಕೆ ಹೋಯಿತು. ಎರಡನೆಯದು ಅದರ ಹಿಂದೆಯೇ ಗಿಡದ ಬುಡಕ್ಕೆ ಹೋಯಿತು.

“ಅಯ್ಯೋ ಅಮ್ಮಾ” ಎಂದಿತು ಗಿಡದ ಬುಡ. ಆಮೇಲೆ ಸದ್ದಿಲ್ಲ.

ಶಿವಯೋಗಿಯವರು ನಿಂತಲ್ಲೇ ನಿಂತರು. ಒಂದು ಹೆಜ್ಜೆ ಮುಂದಿಟ್ಟರು, ಮತ್ತೆ ಹಿಂದಿಟ್ಟರು. ಬಾಯಿ ತೆರೆದಿತ್ತು. ನಾನು ಕಿವಿಗೊಟ್ಟೆ. ಗಿಡದ ಆಚೆ ಯಾರೋ ಉಸಿರನ್ನು ಬಿಗಿಹಿಡಿದು, ತಡೆಯಲಾರದೆ ಬಿಡುತ್ತಿದ್ದರು. ಬದುಕಿದೆ. ಬೇಗ ಹೋದರೆ ಉಳಿಯುತ್ತದೆ. ಇಷ್ಟೇ ಲೆಕ್ಕ. ಆದರೆ ಅವರು ಮರಕ್ಕೆ ಒರಗಿ ನಿಂತರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು.

ಅಷ್ಟರಲ್ಲಿ ಮಂಜಿನೊಳಗಿಂದ ಜನ ಬಂದರು. ಉತ್ತಯ್ಯ, ಅವರ ಇಬ್ಬರು ದಾಯಾದಿಗಳು, ಹಿಂದೆ ಇನ್ನೂ ನಾಲ್ಕಾರು ಮಂದಿ. ಎಲ್ಲರ ಮೈಮೇಲೆ ಬಿಳಿ ಬಟ್ಟೆ. ಯಾರ ಮುಖದಲ್ಲೂ ನಗೆಯಿಲ್ಲ. ಅವರ ಮುಂದೆ, ಕೂದಲು ಬಿಚ್ಚಿ ಹೋಗಿ, ಬರಿಗಾಲಿನಲ್ಲಿ ಮಂಗಲಾ ಓಡಿ ಬರುತ್ತಿದ್ದರು. ಬಂದವರೇ ಗಂಡನ ಎದೆ, ತೋಳು, ತಲೆ ಮುಟ್ಟಿ ನೋಡಿದರು.

“ಅದೀರಲ್ರೀ. ಇವ್ರೆಲ್ಲ ನಮ್ಮನ್ಯಾಗ ಯಾರು ಹೋದ್ರು ಅಂತ ಕೇಳಾಕ ಬಂದ್ರು. ನಾ ಇದ್ದೆ. ಇಲ್ಲದವ್ರು ನೀವೊಬ್ರ.”

ಉತ್ತಯ್ಯ ಮುಂದೆ ಬಂದರು. “ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಕುಬಸದ್ರೇ. ಸಾವಾದ್ರೆ ಒಟ್ಟೊಟ್ಟಿಗೆ ಎರಡು. ಅದು ಕೇಳಿದ್ರೆ ಕೈಯಲ್ಲಿ ತುತ್ತಿದ್ರೂ ಬಿಟ್ಟು ಬರ್ಬೇಕು. ಇದನ್ನ ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪೇ. ಎಂತ ಆಯ್ತು?”

“ಹಂದಿ ಬಂದಿತ್ತು. ತಪ್ಪಿಸ್ಕೊಂಡ್ ಹೋತು.”

ಒಬ್ಬ ದಾಯಾದಿ ನಕ್ಕುಬಿಟ್ಟ. “ಒಂದು ಹಂದಿಗೆ ಊರಿಗೆಲ್ಲ ಬಿಳಿ ಉಡಿಸಿದ್ರಲ್ಲ. ಆ ಹಂದಿ ಪುಣ್ಯ ಮಾಡಿತ್ತು.”

“ಹೊಡೆದಿದ್ರೆ ತಿಥಿ ಊಟವೂ ಆಗ್ತಿತ್ತು” ಎಂದ ಇನ್ನೊಬ್ಬ.

ಜನ ತಿರುಗಿದರು. ಬೀಡಿ ಹಚ್ಚಿಕೊಂಡರು. ಸಾವಿಲ್ಲ ಎಂಬ ಸಮಾಧಾನದಲ್ಲಿ ಗಟ್ಟಿಯಾಗಿ ಮಾತಾಡುತ್ತಾ ಮನೆಯ ದಾರಿ ಹಿಡಿದರು. ಆ ಮಾತಿನ ಗದ್ದಲದಲ್ಲಿ ಗಿಡದ ಆಚೆಯ ಉಸಿರು ನನಗೂ ಕೇಳದಾಯಿತು. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದು ಇನ್ನೊಮ್ಮೆ ಇಲ್ಲ. ಕಾರ್ಖಾನೆಯ ಚೌಕಟ್ಟಿನಲ್ಲೂ ಇಲ್ಲ.

ಮಂಗಲಾ ಮಾತ್ರ ಹೋಗಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದರು.

“ಮೂವತ್ತು ವರ್ಷ ನೋಡೀನಿ. ಗುರಿ ತಪ್ಪಿದ್ರ ನೀವು ಗಾಳಿಗೆ ಬೈತೀರಿ, ಕನ್ನಡಕಕ್ಕ ಬೈತೀರಿ, ಈ ಕೋವಿಗೆ ಬೈತೀರಿ. ಇವತ್ತ ಯಾಕ ಸುಮ್ನ ಅದೀರಿ?”

ಅವರು ನನ್ನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

“ಏನ್ ಹೊಡದ್ರಿ ಹೇಳ್ರಿ.”

ಶಿವಯೋಗಿಯವರು ನನ್ನನ್ನು ನೆಲಕ್ಕೆ ಬಿಟ್ಟರು. ಕೈ ಎತ್ತಿ ಗಿಡದ ಕಡೆ ತೋರಿಸಿದರು.

ಗಿಡದ ಆಚೆ ಬಿದ್ದಿದ್ದವಳ ಹೆಸರು ಚೋಮಿ. ಉತ್ತಯ್ಯನವರ ತೋಟದಲ್ಲಿ ಕಾಫಿ ಕೊಯ್ಯುವವಳು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಲೆಗೆಂದು ನಾಲ್ಕು ಕಡ್ಡಿ ಆಯುತ್ತಿದ್ದಳು. ಸೀಸದ ಸಣ್ಣ ಗುಂಡುಗಳು ಅವಳ ಎಡತೊಡೆಯನ್ನು ಹೊಕ್ಕಿದ್ದವು. ರಕ್ತ ಚರಂಡಿಗೆ ಇಳಿದಿತ್ತು. ಮಂಗಲಾ ಕೂಗಿದ ಕೂಗಿಗೆ ಎಲ್ಲರೂ ಓಡಿ ಬಂದರು. ಉತ್ತಯ್ಯ ಸಾವಿನ ಮನೆಗೆಂದು ಹೊದ್ದು ಬಂದ ಬಿಳಿ ಬಟ್ಟೆಯನ್ನು ಹರಿದು ತೊಡೆಗೆ ಬಿಗಿದು ಕಟ್ಟಿದರು. ಎಂಟು ಜನ ಇದ್ದರು, ಎತ್ತಲು ಕೈಗಳಿದ್ದವು, ಜೀಪು ರಸ್ತೆಯಲ್ಲೇ ನಿಂತಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಒಂದೇ ಗುಂಡು ಹಾರಿದ್ದರೆ ಯಾರೂ ಬರುತ್ತಿರಲಿಲ್ಲ. ಎರಡನೆಯ ಗುಂಡೇ ಅವಳನ್ನು ಕೆಡವಿತು, ಅದೇ ಜನರನ್ನೂ ಕರೆಯಿತು. ಇದನ್ನು ನೆನೆದರೆ ನನಗೆ ಸಮಾಧಾನವಾಗುವುದಿಲ್ಲ.

ಜೀಪು ಹೊರಟ ಮೇಲೆ ಉತ್ತಯ್ಯ ಹೇಳಿದ್ದು ಇಷ್ಟು: “ಕೋವಿ ಎತ್ಕೊಳ್ಳಿ. ಸ್ಟೇಷನ್‌ಗೆ ನೀವೇ ನಡೀರಿ. ನಾನು ಜೊತೆಗೆ ಬರ್ತೇನೆ.”

ಅಂದಿನಿಂದ ನನ್ನ ವಾಸ ಠಾಣೆಯ ಉಗ್ರಾಣ. ಕುತ್ತಿಗೆಗೆ ದಾರ ಕಟ್ಟಿ ನಂಬರಿನ ಚೀಟಿ ತೂಗುಬಿಟ್ಟರು. ತುಕ್ಕು ಬಂತು. ಮೂರು ವರ್ಷದ ಮೇಲೆ ನನ್ನನ್ನು ಗೋಣಿಯಲ್ಲಿ ಸುತ್ತಿ ಕೋರ್ಟಿಗೆ ಕರೆದೊಯ್ದರು. ಶಿವಯೋಗಿಯವರ ವಕೀಲರು ಚುರುಕಿನವರು. ಮಂಜಿನಲ್ಲಿ ಯಾರು ಹೊಡೆದರೋ, ಆ ಊರಿನಲ್ಲಿ ಮನೆಗೊಂದು ಕೋವಿ, ಇದೇ ಎಂದು ಹೇಗೆ ಹೇಳುವುದು ಎಂಬುದು ಅವರ ವಾದ. ಶಿವಯೋಗಿಯವರು ತಲೆ ತಗ್ಗಿಸಿ ಕೂತಿದ್ದರು. ಬಹಳ ಸೊರಗಿದ್ದರು.

ಚೋಮಿ ಕುಂಟುತ್ತಾ ಬಂದು ಕಟಕಟೆ ಹತ್ತಿದಳು. ಆ ದಿನ ಯಾಕೆ ಕೂಗಿ ಕರೆಯಲಿಲ್ಲ ಎಂದು ವಕೀಲರು ಕೇಳಿದರು.

“ಕೂಗಿದ್ರೆ ಇನ್ನೊಂದು ಹೊಡೀತಾರೆ ಅಂತ ಸೆರಗು ಬಾಯಿಗೆ ತುರುಕ್ಕೊಂಡೆ ಸಾಮಿ.”

“ಹಂದಿ ಅಂತ ತಿಳಿದು ಹೊಡೆದಿರಬಹುದಲ್ಲ?”

“ನೀವೇ ನೋಡಿ ಹೇಳಿ ಸಾಮಿ. ನಾನು ಹಂದಿ ಥರ ಇದ್ದೀನಾ?”

ಕೋರ್ಟಿನಲ್ಲಿ ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಕಾನ್‌ಸ್ಟೇಬಲ್ಲು ನನ್ನನ್ನು ಅಡ್ಡಲಾಗಿ ಎತ್ತಿ ಹಿಡಿದು, ಕೋವಿ ಇದೇನಾ ಎಂದ.

“ಹಾಗೆ ಗೊತ್ತಾಗಲ್ಲ. ನಾನು ಆ ಕಡೆ ಇದ್ದವಳು. ಮೂತಿ ಮಾತ್ರ ಕಂಡಿದ್ದು. ತಿರುಗ್ಸಿ ತೋರಿಸಿ.”

ಅವನು ನ್ಯಾಯಾಧೀಶ ಸಾಹೇಬರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ನನ್ನನ್ನು ತಿರುಗಿಸಿದ. ಅವಳ ಹಿಂದೆ ಕೂತಿದ್ದವರೆಲ್ಲ ಪಕ್ಕಕ್ಕೆ ಬಾಗಿದರು. ಚೋಮಿ ಬಾಗಲಿಲ್ಲ. ನನ್ನ ಎರಡೂ ನಳಿಗೆಗಳನ್ನು ನೋಡಿದಳು. ಬಲನಳಿಗೆಯ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿದೆ. ಅಂದು ಅವಳನ್ನು ಎತ್ತಿ ಒಯ್ಯುವಾಗ ನೆಲದಲ್ಲಿ ಬಿದ್ದಿದ್ದ ನನ್ನ ಮೂತಿ ಅವಳ ಕಡೆಗೇ ಇತ್ತು.

“ಇದೇ” ಎಂದಳು.

ವಕೀಲರು ಎದ್ದು ಏನೋ ಹೇಳಲು ಹೋದರು. ಶಿವಯೋಗಿಯವರು ಅವರಿಗಿಂತ ಮೊದಲು ಎದ್ದರು.

“ಸಾಕ್ರಿ ವಕೀಲ್ರ. ಇದ ಕೋವಿ. ಹೊಡದಾಂವ ನಾನ. ಹೊಡದ ಮ್ಯಾಲೂ ಹತ್ತು ನಿಮಿಷ ಸುಮ್ನ ನಿಂತಾಂವ ನಾನ. ಅದನ್ನೂ ಬರ್ಕೋರಿ.”

ಎಲ್ಲರ ಕಣ್ಣೂ ಅವರ ಕಡೆ ಹೋಯಿತು. ಸಾಹೇಬರು ಬರೆಯತೊಡಗಿದರು. ಮಂಗಲಾ ಕಣ್ಣೊರೆಸಿಕೊಂಡರು. ಒಬ್ಬ ಮನುಷ್ಯ ಸತ್ಯ ಹೇಳುವುದು ದೊಡ್ಡ ಸಂಗತಿಯೇ. ಆದರೆ ಆ ಗಲಾಟೆಯಲ್ಲಿ ಕಾನ್‌ಸ್ಟೇಬಲ್ಲು ನನ್ನನ್ನು ಮರೆತೇಬಿಟ್ಟಿದ್ದ. ನನ್ನ ಮೂತಿ ಇನ್ನೂ ಅವಳ ಕಡೆಗೇ ಇತ್ತು. ಕಟಕಟೆಯ ಮರವನ್ನು ಹಿಡಿದ ಅವಳ ಬೆರಳುಗಳು ಬಿಳುಚಿಕೊಂಡಿದ್ದವು. ಹೊಟ್ಟೆಯಲ್ಲಿ ಕಾಡತೂಸಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಹೇಗೆ ಗೊತ್ತಾಗಬೇಕು?

ಕೋವಿಗೆ ಮರ್ಯಾದೆ ಕೊಡುವ ಊರನ್ನು ಹುಡುಕಿಕೊಂಡು ಹೋಗುವವರಿಗೆ ನನ್ನದೊಂದು ಮಾತಿದೆ. ಅಲ್ಲಿಯವರು ಯಾವಾಗ ಹೊಡೆಯುತ್ತಾರೆ ಎಂದು ಕೇಳಬೇಡಿ, ಯಾವಾಗ ಹೊಡೆಯುವುದಿಲ್ಲ ಎಂದು ಕೇಳಿ. ಶಿವಯೋಗಿಯವರಿಗೆ ಶಿಕ್ಷೆಯಾಯಿತು. ನನ್ನನ್ನು ಕತ್ತರಿಸಿ ಕರಗಿಸಬೇಕೆಂದು ಆಜ್ಞೆಯಾಗಿದೆ. ಕಾಗದ ಇನ್ನೂ ಓಡಾಡುತ್ತಿದೆ, ನಾನು ಕಾಯುತ್ತಿದ್ದೇನೆ. ಬೆಂಕಿಗೆ ಹೆದರಿಕೆಯಿಲ್ಲವೇ ಎಂದರೆ, ಇದೆ. ಆದರೆ ರಾತ್ರಿ ಹಗಲು ನನ್ನ ನೆನಪಿಗೆ ಬರುವುದು ಬೆಂಕಿಯಲ್ಲ. ಅಂದು ಎಲ್ಲರೂ ಬೇರೆಡೆ ನೋಡುತ್ತಿದ್ದಾಗ ಆ ಹೆಂಗಸು ಮೆಲ್ಲನೆ ಆಡಿದ ಮಾತು.

“ಸಾಮಿ, ನೋಡಿ ಆಯ್ತಲ್ಲ. ಇನ್ನು ಅದನ್ನ ಆ ಕಡೆ ತಿರುಗ್ಸಿ.”