ಅಂಗಿಯ ಕಾಲರಿನ ಚೀಟಿ

ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯ ಒಂದೇ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತ ಮನುಷ್ಯ ಮನೆಗೆ ಬಂದ ಮೇಲಾದರೂ ಸ್ಕ್ಯಾನರಿನ ಸುದ್ದಿ ಬಿಡಬೇಕಲ್ಲ? ಅವನು ಬಿಡುತ್ತಿರಲಿಲ್ಲ. ಹೆಂಡತಿಯ ಕಣ್ಣು ಪೂರ್ತಿ ಹೋದ ವರ್ಷ ಅಂಗೈಯಗಲದ, ಮಾತಾಡುವ ಸ್ಕ್ಯಾನರೊಂದನ್ನು ಕೊಂಡು ತಂದ. ಅಡುಗೆಮನೆಯ ಪ್ರತಿ ಡಬ್ಬಿಗೂ ಬಾರ್‌ಕೋಡ್ ಚೀಟಿ ಅಂಟಿಸಿದ. ಒಂದೊಂದಕ್ಕೂ ಸ್ಕ್ಯಾನರ್ ಹಿಡಿದು, ಒಳಗೇನಿದೆಯೆಂದು ತನ್ನ ದನಿಯಲ್ಲೇ ಹೇಳಿ ತುಂಬಿಸಿದ. ಬರೀ ಹೆಸರು ಹೇಳಿ ಸುಮ್ಮನಾಗುವ ಜೀವವೇ ಅದು?

"ಉಪ್ಪು. ಕೈ ಬಿಗಿ ಹಿಡಿದು ಹಾಕು ಕಣೇ, ನಂಗೆ ಬಿಪಿ ಇದೆ."

"ಸಕ್ಕರೆ. ಕಮ್ಮಿ ಆಗಿದ್ರೆ ಕದ್ದಿದ್ದು ನಾನಲ್ಲ."

ತನ್ನ ಬಿಳಿ ಅಂಗಿಯ ಕಾಲರಿನ ಒಳಗೂ ಬಟ್ಟೆಯ ಚೀಟಿಯೊಂದನ್ನು ಸೊಟ್ಟಸೊಟ್ಟಗೆ ಹೊಲಿದಿದ್ದ. ಅದಕ್ಕೆ ಹಿಡಿದರೆ, "ಇದು ನಂದು. ಒಗೆಯೋಕೆ ಹಾಕ್ಬೇಡ, ಇನ್ನೂ ಒಂದಿನ ಹಾಕ್ಕೋತೀನಿ" ಎನ್ನುತ್ತಿತ್ತು.

ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನೂ ಅವಳಿಗೆ ತಿಳಿಸಿ ಹೇಳಲು ಹೊರಟಿದ್ದ. "ಕೆಂಪು ಬೆಳಕು ಬೀಳುತ್ತೆ. ಕಪ್ಪು ಗೆರೆ ಬೆಳಕನ್ನ ನುಂಗಿಬಿಡುತ್ತೆ, ಮಧ್ಯದ ಬಿಳಿ ಜಾಗ ವಾಪಸ್ ಕಳಿಸುತ್ತೆ. ಯಾವುದು ದಪ್ಪ, ಯಾವುದು ಸಣ್ಣ ಅಂತ ಅಳೆದು ಮಷೀನು ಒಂದು ನಂಬರ್ ಮಾಡ್ಕೊಳ್ಳುತ್ತೆ. ಇನ್ನು ಚೀಟೀಲಿ ನೋಡು..."

"ರೀ, ಹಾಲು ಉಕ್ತಾ ಇದೆ! ಸ್ವಲ್ಪ ಬಾಯಿ ಮುಚ್ಚಿ."

ಅವನು ನಗುತ್ತ ಒಲೆ ಆರಿಸಿದ. "ಹೋಗ್ಲಿ ಬಿಡು, ನಾನು ಎಲ್ಲಾ ಡಬ್ಬಿ ಮೇಲೂ ಅಂಟ್ಕೊಂಡಿದ್ದೀನಿ, ಅಷ್ಟು ತಿಳ್ಕೋ ಸಾಕು" ಎಂದ. ಅವಳು ಅಷ್ಟನ್ನೇ ತಿಳಿದುಕೊಂಡಳು.

ಒಂದು ಬೆಳಿಗ್ಗೆ ಅವನು ಅದೇ ಕೌಂಟರಿನಲ್ಲಿ, ಯಾರದೋ ಸೋಪು ಕೈಯಲ್ಲಿ ಹಿಡಿದಿದ್ದಂತೆಯೇ ಕುಸಿದುಬಿದ್ದ. ಆಸ್ಪತ್ರೆ ಮುಟ್ಟಲಿಲ್ಲ.

ಆಮೇಲಿನ ಏಳು ತಿಂಗಳು ಅವಳು ದಿನಾ ಬೆಳಿಗ್ಗೆ ಡಬ್ಬಿಗಳ ಮುಂದೆ ನಿಲ್ಲುತ್ತಿದ್ದಳು. ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ಅಷ್ಟರಲ್ಲಿ ಕೈಗೇ ಗೊತ್ತಾಗಿತ್ತು. ಆದರೂ ಒಂದೊಂದಕ್ಕೂ ಹಿಡಿದು, ಅವನಿಂದ ಹೇಳಿಸಿಕೊಂಡೇ ಒಲೆ ಹಚ್ಚುವುದು. ಡಬ್ಬಿ ಖಾಲಿಯಾದರೂ ತೊಳೆಯುತ್ತಿರಲಿಲ್ಲ. ಚೀಟಿ ನೆನೆದರೆ ಅವನ ದನಿ ಹೋದೀತೆಂಬ ಭಯ. ಒದ್ದೆ ಬಟ್ಟೆ ಹಿಡಿದು ಬಂದ ನಾದಿನಿಯನ್ನು ಒಮ್ಮೆ ಅಡುಗೆಮನೆಯಿಂದಲೇ ಓಡಿಸಿದ್ದಳು.

ಇಷ್ಟೆಲ್ಲ ಜೋಪಾನ ಮಾಡಿದರೂ ಸ್ಕ್ಯಾನರ್ ಕೈಕೊಟ್ಟಿತು. "ಉಪ್ಪು. ಕೈ ಬಿ... ಕೈ ಬಿ..." ಎಂದು ತೊದಲಿ ನಿಂತುಹೋಯಿತು. ನಾದಿನಿ ಅವಳ ಕೈ ಹಿಡಿದು ರಿಪೇರಿ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಹೆಂಗಸು ಬಿಚ್ಚಿ ನೋಡಿ ಹೇಳಿದಳು: "ಒಳಗಿರೋದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದ್ರೆ ಸರಿಹೋಗುತ್ತೆ. ಬೇಕಾದ್ದೇನಾದ್ರೂ ಇದ್ಯಾ ಇದ್ರಲ್ಲಿ? ಇದ್ರೆ ಮೊದಲು ಬೇರೆ ಕಡೆ ಇಳಿಸ್ಕೋತೀನಿ. ಅದಕ್ಕೆ ಎರಡು ದಿನ ಆಗುತ್ತೆ."

ಎರಡು ದಿನ! ಅವನ ದನಿ ಕೇಳದೆ ಆಗಲೇ ಒಂದು ದಿನ ಕಳೆದಿತ್ತು.

"ಏನೂ ಇಲ್ಲಮ್ಮ, ಅಳಿಸಿ ಪರವಾಗಿಲ್ಲ" ಎಂದಳು ಅವಳು. "ನಂಗೆ ಬೇಕಾದ್ದೆಲ್ಲ ಡಬ್ಬಿಗಳ ಮೇಲಿದೆ. ಒಂದು ಚೀಟಿನೂ ಹಾಳಾಗೋಕೆ ಬಿಟ್ಟಿಲ್ಲ ನಾನು." ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಅಲ್ಲೇ ಕೂತು ಅಳಿಸಿ ಸರಿಮಾಡಿಸಿಕೊಂಡು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿಗೆ ಸ್ಕ್ಯಾನರ್ ಹಿಡಿದಳು. ಬೀಪ್ ಎಂದಿತು. ಯಾವಳೋ ಗುರುತಿಲ್ಲದವಳ ದನಿ: "ಈ ನಂಬರಿಗೆ ಹೆಸರಿಲ್ಲ. ಹೆಸರು ಹೇಳಿ."

ಸಕ್ಕರೆಗೆ ಹಿಡಿದಳು. ಅದೇ ಮಾತು. ಹಿಟ್ಟಿಗೆ, ಚಹಾಪುಡಿಗೆ, ಖಾಲಿ ಡಬ್ಬಿಗಳಿಗೆಲ್ಲ ಹಿಡಿದಳು. ಎಲ್ಲಕ್ಕೂ ಅದೇ ದನಿ.

ನಾದಿನಿ ಅಂಗಡಿಗೆ ಫೋನು ಮಾಡಿದಳು. ಆಚೆಯಿಂದ ಆ ಹೆಂಗಸು ಹೇಳುತ್ತಿದ್ದುದು ಇವಳಿಗೂ ಕೇಳುತ್ತಿತ್ತು. "ಚೀಟೀಲಿ ಬರೀ ನಂಬರ್ ಇರುತ್ತಮ್ಮಾ. ಹೆಸರು, ದನಿ ಎಲ್ಲಾ ಮಷೀನಿನೊಳಗೇ ಇರೋದು. ಅಂಗಡೀಲೂ ಅಷ್ಟೇ, ರೇಟು ಕಂಪ್ಯೂಟರಲ್ಲಿರುತ್ತೆ, ಪೊಟ್ಟಣದ ಮೇಲಲ್ಲ. ಅದಕ್ಕೇ ಅಲ್ವಾ ನಾನು ಕೇಳಿದ್ದು?"

'ಇನ್ನು ಚೀಟೀಲಿ ನೋಡು' ಎಂದು ಅವನು ಅಂದು ಬಾಯಿ ತೆರೆದಿದ್ದು ಇದನ್ನು ಹೇಳಲಿಕ್ಕೇ. ಹಾಲು ಉಕ್ಕಿದರೆ ಉಕ್ಕಲಿ ಎಂದು ಇನ್ನೊಂದು ಗಳಿಗೆ ಕೇಳಿಸಿಕೊಂಡಿದ್ದರೆ ಆಗುತ್ತಿತ್ತು.

"ಅತ್ತಿಗೆ, ದೇವರಾಣೆ ನಂಗೂ ಗೊತ್ತಿರಲಿಲ್ಲ" ಎಂದು ನಾದಿನಿ ಅಳತೊಡಗಿದಳು. ಹೋದದ್ದು ಅವಳ ಅಣ್ಣನ ದನಿಯೂ ಅಲ್ಲವೇ?

ಇವಳು ಗೋಡೆ ಸವರುತ್ತ ಕೋಣೆಗೆ ಹೋಗಿ ಬೀರು ತೆಗೆದಳು. ಅಂಗಿಯ ಕಾಲರನ್ನು ಮಗುಚಿ, ಸೊಟ್ಟ ಹೊಲಿಗೆಯನ್ನು ಬೆರಳಿನಿಂದ ಹುಡುಕಿ, ಸ್ಕ್ಯಾನರ್ ಹಿಡಿದಳು. ಇದೊಂದಾದರೂ ಉಳಿದಿರಲಿ ಎಂಬ ಆಸೆ, ಬುದ್ಧಿ ಬೇಡವೆಂದರೂ ಕೇಳಲಿಲ್ಲ.

"ಈ ನಂಬರಿಗೆ ಹೆಸರಿಲ್ಲ. ಹೆಸರು ಹೇಳಿ."

ಅವಳು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. "ರೀ..." ಎಂದಳು.

"ಹೆಸರು ಉಳಿಸಲಾಗಿದೆ" ಎಂದಿತು ಸ್ಕ್ಯಾನರ್.

ಎಷ್ಟೋ ಹೊತ್ತಿನ ಮೇಲೆ ಅವಳು ಕಾಲರಿಗೆ ಮತ್ತೆ ಹಿಡಿದಳು. ಅವಳದೇ ದನಿ ಬಂತು: "ರೀ..." ಆ ಕರೆಗೆ ಓಗೊಡದೆ ಇದ್ದವನೇ ಅಲ್ಲ ಅವನು. ಅವಳು ಕಿವಿ ಕೊಟ್ಟು ಕಾದಳು.