ಸ್ವಾಮೇಗೌಡನ ಜೋಂಬಿಗಳು

“ಲೇ ಜೋಂಬಿ, ಕಾಲೆತ್ತಿ ಆಕು! ಎಣ ಬಂದಂಗ್ ಬತ್ತೀಯಲ್ಲ!”

ಬೈಕಿನ ಮೇಲೆ ಕೂತೇ ತೇಜಸ್ ಕೂಗಿದ. ಚಿಕ್ಕಸಿದ್ದಮ್ಮ ತಲೆಯ ಮೇಲಿನ ಹಸಿ ಹೊಗೆಸೊಪ್ಪಿನ ಹೊರೆಯನ್ನು ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೆಡವಿ, “ಬಂದೆ ಬುದ್ಧಿ” ಎಂದಳು. ಅವಳ ಕಣ್ಣೆದುರೇ ಚಡ್ಡಿ ಇಲ್ಲದೆ ಓಡಾಡಿದ ಹುಡುಗ. ಆದರೂ ಸ್ವಾಮೇಗೌಡನ ಮಗನಲ್ಲವೇ, ಬುದ್ಧಿ ಎನ್ನಲೇಬೇಕು. ಬುದ್ಧಿ ಇಲ್ಲದವರನ್ನೂ ಹಾಗೆ ಕರೆಯುವುದು ಕೇರಿಯವರಿಗೆ ರೂಢಿಯಾಗಿತ್ತು.

ಜೋಂಬಿ ಎಂಬ ಹೆಸರು ಹೊಸದು. ಹೋದ ವಾರ ಮಳೆಯಲ್ಲಿ ನೆನೆದ ಸೊಪ್ಪು ಹೊತ್ತು ಹೊತ್ತು, ಅದರ ನಂಜು ಮೈಗೇರಿ, ಚಿಕ್ಕಸಿದ್ದಮ್ಮ ತಲೆ ಸುತ್ತಿ ವಾಂತಿ ಮಾಡಿಕೊಂಡಿದ್ದಳು. ಕೈ ಮುಂದೆ ಚಾಚಿ ಗೋಡೆ ಹುಡುಕುತ್ತ ತೂರಾಡಿದ್ದನ್ನು ತೇಜಸ್ ಫೋನಿನಲ್ಲಿ ಹಿಡಿದ. ಅದಕ್ಕೊಂದು ಕುಣಿತದ ಹಾಡು ಅಂಟಿಸಿ, ‘ನಮ್ಮನೆ ಜೋಂಬಿ’ ಎಂದು ಬರೆದು ಊರಿಗೆಲ್ಲ ಬಿಟ್ಟ. ಹುಣಸೂರಿನ ತನಕ ನಕ್ಕರು.

ಆವತ್ತು ನಗದೆ ಇದ್ದವರು ತೇಜಸ್‌ನ ತಾಯಿ ಸುನಂದಮ್ಮ ಒಬ್ಬರೇ. ಹಿತ್ತಲ ಬಾಗಿಲಿಂದ ನಿಂಬೆ ಪಾನಕ ತಂದು ಕಟ್ಟೆಯ ಮೇಲಿಟ್ಟು ದೂರ ನಿಂತರು. ದೂರವೇ ನಿಂತರು, ನಿಜ. ಆದರೆ ಕುಡಿದು ಮುಗಿಯುವವರೆಗೂ ನಿಂತಿದ್ದರು.

ಇದನ್ನೆಲ್ಲ ಚಿಕ್ಕಸಿದ್ದಮ್ಮ ನುಂಗಿಕೊಂಡಾಳು. ಆದರೆ ಮಗಳು ಪ್ರಿಯಾ, ಹುಣಸೂರಿನಲ್ಲಿ ಪಿಯುಸಿ ಓದುವವಳು, ಪುಸ್ತಕದ ಚೀಲವನ್ನು ಮೂಲೆಗೆಸೆದು, “ಬಸ್ಸಲ್ಲಿ ಎಲ್ಲ ನಿನ್ನಂಗೇ ಕೈ ಚಾಚ್ಕಂಡು ನಡೀತಾವ್ರೆ. ನಾ ಇನ್ನ ಕಾಲೇಜ್ಗೆ ಓಗಕ್ಕಿಲ್ಲ” ಎಂದುಬಿಟ್ಟಳು. ಚಿಕ್ಕಸಿದ್ದಮ್ಮ ಸ್ವಾಮೇಗೌಡನ ಅಂಗಳದಲ್ಲಿ ಕೈಮುಗಿದು ನಿಂತಳು. “ಆ ವಿಡಿಯೋವ ಅಳಿಸಕ್ಕೇಳಿ ಬುದ್ಧಿ, ನನ್ ಮಗ್ಳ ಓದು ನಿಂತೋಯ್ತದೆ.”

“ಲೇ ಸಿದ್ದಿ, ಲಕ್ಸ ಜನ ನೋಡವ್ರೆ ಕಣೇ! ಕುಸಿಪಡೋದ್ ಬುಟ್ಟು ಅಳ್ತೀಯಲ್ಲ. ಓಗ್, ಸೊಪ್ಪು ಬಾಡ್ತಾ ಅದೆ,” ಎಂದ ಸ್ವಾಮೇಗೌಡ.

ಪ್ರಿಯಾಳನ್ನು ಹುಡುಕಿಕೊಂಡು ಕಾಲೇಜಿನ ಪವಿತ್ರ ಮೇಡಂ ಕೇರಿಗೇ ಬಂದರು. ಮುದುಕಿ ದೊಡ್ಡತಾಯಮ್ಮನ ಜಗಲಿಯ ಮೇಲೆ ಕೂತು, ಕೊಟ್ಟ ಟೀ ಕುಡಿದರು. ಲೋಟ ಒರೆಸಿಕೊಳ್ಳಲಿಲ್ಲ. ಅದನ್ನು ಇಡೀ ಕೇರಿ ಗಮನಿಸಿತು.

“ಅದೇನವ್ವ ಜೋಂಬಿ ಅಂದ್ರೆ? ಬೈಗಳಾ?” ದೊಡ್ಡತಾಯಮ್ಮ ಕೇಳಿದಳು.

“ಆಫ್ರಿಕಾದಲ್ಲಿ ಅಂಗೋಲಾ ಅಂತ ದೇಶ ಇದೆ ಅಜ್ಜಿ. ಅಲ್ಲಿ ಕಿಂಬುಂದು ಅಂತ ಒಂದು ಭಾಷೆ. ಅದರಲ್ಲಿ ‘ನ್ಜುಂಬಿ’ ಅಂದ್ರೆ ಸತ್ತೋರ ಆತ್ಮ. ಈ ಮಾತು ಅಲ್ಲಿಂದ ಬಂತು ಅಂತ ತಿಳಿದೋರು ಹೇಳ್ತಾರೆ. ಬಿಳಿಯರು ಆ ಜನಾನ ಹಡಗಲ್ಲಿ ತುಂಬ್ಕೊಂಡು ಹೋಗಿ, ಸಮುದ್ರದಾಚೆ ಕಬ್ಬು, ಹೊಗೆಸೊಪ್ಪು ಬೆಳೆಯೋಕೆ ಮಾರಿದ್ರು.”

“ಒಗೆಸೊಪ್ಪಾ? ಅಲ್ಲೂವಾ?”

“ಹೂಂ. ಸತ್ತ ಮೇಲೂ ಒಡೆಯ ಹೆಣ ಎಬ್ಬಿಸಿ ದುಡಿಸ್ತಾನೆ ಅಂತ ಆ ಆಳುಗಳಿಗೆ ಭಯ. ಅಂಥ ಹೆಣಕ್ಕೆ ಜೋಂಬಿ ಅಂತಿದ್ರು.”

“ಬೋಳಿಮಕ್ಕ! ಎಣಾನೂ ಬುಡ್ನಿಲ್ವಾ?”

“ಅದೊಂದೇ ಅಲ್ಲ. ಬ್ಯಾಂಜೋ ಅಂತೀವಲ್ಲ, ಅದೂ ಅವರ ಮಾತೇ ಅಂತಾರೆ. ಬ್ರೆಜಿಲ್‌ನಲ್ಲಿ ಒಡೆಯರ ಭಾಷೆ ತುಂಬ ಈ ಜನರ ಪದಗಳೇ.”

“ನನ್ ಗಂಡ ಜವರಯ್ಯ ಬ್ಯಾಂಡ್‌ಸೆಟ್ಟಲ್ಲಿ ಬಾರಿಸ್ತಿದ್ನಲ್ಲ, ಆ ಬ್ಯಾಂಜೋನಾ?” ದೊಡ್ಡತಾಯಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. “ನೋಡ್ದ್ರಾ ಗೇಯೋರ್ ಕೆಲ್ಸವ! ಒಡೆಯ ಮನೆ ಒಳಕ್ ಬುಡ್ದಿದ್ರೆ, ಅವನ್ ನಾಲ್ಗೆ ಮ್ಯಾಲೇ ಗುಡ್ಲು ಆಕ್ಕಂಡವ್ರೆ!”

ಚಿಕ್ಕಸಿದ್ದಮ್ಮ ನಗಲಿಲ್ಲ. “ನಮ್ ಕಡೆ ಎಣ ಗೇಯಕ್ಕಿಲ್ವಲ್ಲ, ದೊಡ್ಡವ್ವ?” ಎಂದಳು.

“ಎಲ್ ಗೇದಾದು? ಮಲಗ್ತದೆ. ಎತ್ತೋಗಂಟ ಆ ಮನೇಲಿ ಒಲೆ ಅಚ್ಚಂಗಿಲ್ಲ.”

ಹೇಳಿದ ಮುದುಕಿ ಚಿಕ್ಕಸಿದ್ದಮ್ಮನ ಕಡೆ ತಿರುಗಿದಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬ್ಯಾರನ್ನಿಗೆ ಬೆಂಕಿ ಕೊಡುವ ದಿನ ಸ್ವಾಮೇಗೌಡ ಪೂಜೆ ಮಾಡಿಸದೆ ಕಡ್ಡಿ ಗೀರುವವನಲ್ಲ. ಒಂದು ವರ್ಷ ಹಾಗೆ ಗೀರಿ ಬ್ಯಾರನ್ನೇ ಸುಟ್ಟುಹೋಗಿತ್ತು. ಬೆಳಿಗ್ಗೆಯೇ ತೋರಣ ಕಟ್ಟಿ, ಐನೋರಿಗೆ ಹೇಳಿಕಳಿಸಿದ್ದ. ಬ್ಯಾರನ್ನಿನೊಳಗೆ ನೇತುಹಾಕಲು ಬಿದಿರು ಕಡ್ಡಿಗೆ ಕಟ್ಟಬೇಕಾದ ಸೊಪ್ಪು ಅಂಗಳದಲ್ಲಿ ರಾಶಿ ಬಿದ್ದಿತ್ತು. ಕೇರಿಯ ಹೆಂಗಸರು ಬಂದರು. ಬ್ಯಾರನ್ನಿನ ಒಲೆಯ ಬಾಯಿಗೆ ಅಡ್ಡಲಾಗಿ ಸಾಲಾಗಿ ಮಲಗಿ ಮುಖದ ಮೇಲೆ ಸೆರಗು ಎಳೆದುಕೊಂಡರು. ಪಕ್ಕದಲ್ಲಿ ಕೂತ ಕೇರಿಯ ಸಾಕಮ್ಮ ಎದೆ ಬಡಿದುಕೊಂಡು ಸೊಲ್ಲೆತ್ತಿದಳು:

“ಅಯ್ಯೋ ನನ್ನವ್ವಾ! ಲಕ್ಸ ಜನ ನೋಡಿದ್ ನನ್ನವ್ವಾ! ಒಬ್ರಾದ್ರೂ ಎತ್ಲಿಲ್ವಲ್ಲೇ ನನ್ನವ್ವಾ!”

ಮೊಪೆಡ್ಡಿನಲ್ಲಿ ಬಂದ ಐನೋರು ಗೇಟಿನ ಹತ್ತಿರವೇ ಅಳು ಕೇಳಿ ಪಂಚೆ ಎತ್ತಿಕೊಂಡರು. “ಹೆಣ ಎತ್ತಿಸಿ ಗೌಡರೆ, ಆಮೇಲೆ ಹೇಳಿಕಳಿಸಿ!” ಎಂದವರು ಯಾರು ಸತ್ತರೆಂದೂ ಕೇಳದೆ ಮೊಪೆಡ್ ತಿರುಗಿಸಿದರು.

“ಏನ್ ನಾಟ್ಕ್ವೇ ಮುಂಡೇವಾ! ಎದ್ದೇಳ್ರೇ!” ಸ್ವಾಮೇಗೌಡ ಕಿರುಚಿದ.

ಹೆಣಗಳ ತಲೆದೆಸೆಯಲ್ಲಿ ಕೂತಿದ್ದ ದೊಡ್ಡತಾಯಮ್ಮ ಎಲೆಅಡಿಕೆ ಉಗಿದಳು. “ಸತ್ತೋರ್ ಎಂಗೆದ್ದಾರು ಬುದ್ಧಿ? ಜೋಂಬಿ ಅಂತ ಲೋಕಕ್ಕೆಲ್ಲ ಸಾರಿದ್ದು ನಿಮ್ ಮಗನೇ. ಫೋನಲ್ಲಿರೋದ ಅಳಿಸ್ಲಿ. ಕೇರಿಗ್ ಬಂದು ಪ್ರಿಯಂಗೆ ತಪ್ಪಾಯ್ತು ಅನ್ಲಿ. ಇಲ್ಲ ಅಂದ್ರೆ ಎಣವ ಎಗಲ್ ಮ್ಯಾಲೆ ಒತ್ಕಂಡೋಗ್ಲಿ.”

“ಬೇರೆ ಆಳ್ ಕರುಸ್ತೀನಿ ಕಣೇ!”

ಕರೆಸಿದ. ಕಟ್ಟೆಮಳಲವಾಡಿ ಕಡೆಯಿಂದ ಟೆಂಪೋದಲ್ಲಿ ಬಂದ ಆಳುಗಳು ಇಳಿದು, ನೋಡಿ, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತರು. “ಎಣ ದಾಟಿ ಗೇಯಕ್ಕಿಲ್ಲ ಗೌಡ್ರೆ” ಎಂದ ಒಬ್ಬ, ನಗು ತಡೆಯಲು ತುಟಿ ಕಚ್ಚಿಕೊಂಡು.

ಸೆರಗಿನೊಳಗೆ ಚಿಕ್ಕಸಿದ್ದಮ್ಮನ ಮೂಗು ಕೆರೆಯುತ್ತಿತ್ತು. ಇರುವೆಯೊಂದು ಕತ್ತಿನ ಮೇಲೆ ಹರಿಯಿತು. ಸ್ವಾಮೇಗೌಡನ ಮೆಟ್ಟಿನ ಸದ್ದು ಪಕ್ಕೆಯ ಬಳಿ ಬಂದು ನಿಂತಿತು. ಈಗ ಒದೆಯುತ್ತಾನೆ ಎಂದುಕೊಂಡಳು. ಒದೆ ಬೀಳಲಿಲ್ಲ. ಬಳೆಯ ಸದ್ದಾಯಿತು. ಯಾರೋ ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಲೇ ಸುನಂದಾ! ಮುಟ್ಬುಟ್ಟಲ್ಲೇ!”

“ನಮ್ಮನೇಲಿ ಗೇದ ಜೀವ ಕಣ್ರೀ. ಬಾಯ್ಗೆ ನೀರಾದ್ರೂ ಬುಡ್ಬೇಡ್ವಾ?”

ತುಟಿಗೆ ಚೊಂಬು ತಾಗಿತು. ನೀರಲ್ಲ, ನಿಂಬೆ ಪಾನಕ. ಹೆಣ ಗುಟುಕ್ಕೆಂದು ನುಂಗಿತು. ಟೆಂಪೋದ ಆಳುಗಳು ಗೊಳ್ಳೆಂದರು.

“ತೇಜೂ,” ಸುನಂದಮ್ಮ ಮಗನ ಕಡೆ ತಿರುಗಿದರು. “ಇವಳಿಗ್ ಹೆಸರಿಟ್ಟೋನು ನೀನು. ಮುಂದಿಂದೂ ನೀನೇ ಮಾಡು.”

ತೇಜಸ್ ಫೋನ್ ತೆಗೆದು ಹೆಬ್ಬೆರಳು ಒತ್ತಿದ. “ಅಳಿಸ್ದೆ. ಏಳೇ... ಏಳಮ್ಮ.”

“ಅರ್ದ ಜೀವ ಬಂತು,” ಎಂದಳು ದೊಡ್ಡತಾಯಮ್ಮ. “ಇನ್ನರ್ದ ಕೇರೀಲದೆ.”

“ಕೇರಿಗ್ ಕಾಲಿಕ್ಕುದ್ರೆ ನೀ ನನ್ ಮಗ್ನೇ ಅಲ್ಲ!” ಸ್ವಾಮೇಗೌಡ ಗುಡುಗಿದ. ಅವನ ಬೆನ್ನ ಹಿಂದೆ ಸೊಪ್ಪಿನ ರಾಶಿ ಕಾವು ಏರಿ, ಕೆಡುತ್ತ ಹಬೆಯಾಡತೊಡಗಿತ್ತು.

ತೇಜಸ್ ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ, ರಾಶಿಯನ್ನು ನೋಡಿದ. ಕೊನೆಗೆ ಬಗ್ಗಿ, ಕೇರಿಗೆ ಹೊರಲು ಚಿಕ್ಕಸಿದ್ದಮ್ಮನ ಕಂಕುಳಿಗೆ ಕೈ ಹಾಕಿದ.

ಹುಟ್ಟಿದಾಗಿನಿಂದ ಹೊರೆ ಹೊತ್ತವಳು ಅವಳು, ಯಾರಿಗೂ ಹೊರೆಯಾದವಳಲ್ಲ. ಈಗ ಕಣ್ಣು ತೆರೆಯಲಿಲ್ಲ. ಉಸಿರು ಬಿಟ್ಟು, ಕೈಕಾಲು ಸಡಿಲಿಸಿ, ಎಷ್ಟು ಸಾಧ್ಯವೋ ಅಷ್ಟು ಭಾರವಾದಳು.